ಹೊಸ ಹೃದಯಕ್ಕೆ ಮುನ್ನ ಉಸಿರಿನ ತಯಾರಿ

ಗುಂಡ್ಲುಪೇಟೆ



ಹೃದಯ ಕಸಿಗೆ ಕಾದಿರುವ ರೋಗಿಗೆ ಮುಂಚಿತವಾಗಿ ಕಲಿಸುವ ಉಸಿರಾಟದ ವ್ಯಾಯಾಮ ಹಳೆಯ ಹೃದಯವನ್ನು ಸರಿಪಡಿಸುವುದಿಲ್ಲ. ಅದು ಸಜ್ಜುಗೊಳಿಸುವುದು ಶ್ವಾಸಕೋಶವನ್ನು, ಎದೆಯ ಸ್ನಾಯುಗಳನ್ನು, ಎಲ್ಲಕ್ಕಿಂತ ಹೆಚ್ಚಾಗಿ ಎದೆ, ಹೊಟ್ಟೆಗಳ ನಡುವಿನ ಸ್ನಾಯುಪದರವಾದ ವಪೆಯನ್ನು. ಇದು ಏಕೆ ಬೇಕೆಂಬುದು ಮೊಟ್ಟಮೊದಲ ಕಸಿಯಲ್ಲೇ ಕಂಡಿತ್ತು. 1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಅವರಿಂದ ಹೊಸ ಹೃದಯ ಪಡೆದ ಲೂಯಿಸ್ ವಾಶ್ಕಾನ್‌ಸ್ಕಿ ಬದುಕಿದ್ದು 18 ದಿನ. ಅವರ ಜೀವ ತೆಗೆದದ್ದು ನ್ಯುಮೋನಿಯಾ.

ಗುಂಡ್ಲುಪೇಟೆಯಿಂದ ಮೈಸೂರು ಸುಮಾರು 60 ಕಿ.ಮೀ., ಬೆಂಗಳೂರು ಸುಮಾರು 200. ದಾನಿಯ ಎದೆಯಿಂದ ತೆಗೆದ ಹೃದಯವನ್ನು ಸಾಮಾನ್ಯವಾಗಿ ನಾಲ್ಕು ಗಂಟೆಯೊಳಗೆ ಜೋಡಿಸಬೇಕು. ಕರೆ ಬಂದಾಗ ರೋಗಿ ಬೇಗೂರು, ನಂಜನಗೂಡು ದಾಟಿ ಬೆಂಗಳೂರು ಸೇರಿ, ಆ ಹೊತ್ತಿಗೆ ಸಿದ್ಧನಾಗಿರಬೇಕು. ಬಂಡೀಪುರದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧ ಊಟಿ, ಕೇರಳದ ಕಡೆಯ ಕಾಡುದಾರಿಗೆ ಮಾತ್ರ. ಮೈಸೂರಿನ ದಿಕ್ಕು ತೆರೆದೇ ಇರುತ್ತದೆ. ರಾಜ್ಯದಲ್ಲಿ ಅಂಗಗಳ ಹಂಚಿಕೆಯನ್ನು ನೋಡಿಕೊಳ್ಳುವ ಸಂಸ್ಥೆ ಜೀವಸಾರ್ಥಕತೆ. ಅಲ್ಲಿ ಹೆಸರು ದಾಖಲಾದ ಮೇಲೆ ಕರೆ ಎಂದು ಬರುತ್ತದೆಂದು ಯಾರೂ ಹೇಳಲಾರರು. ದೊಡ್ಡಾಸ್ಪತ್ರೆಯಿಂದ ಇಷ್ಟು ದೂರದ ಮನೆಯಲ್ಲಿ, ಆ ಕಾಯುವ ದಿನಗಳಲ್ಲಿ ರೋಗಿ ತಾನೇ ಮಾಡಿಕೊಳ್ಳಬಹುದಾದ ಕೆಲವೇ ತಯಾರಿಗಳಲ್ಲಿ ಉಸಿರಿನದು ಒಂದು.

ಹೃದಯ ಸೋತಾಗ ಕೈಕಾಲಿನ ಸ್ನಾಯುಗಳಂತೆ ವಪೆಯೂ ಸೊರಗುತ್ತದೆ. ನಾಲ್ಕು ಹೆಜ್ಜೆಗೆ ಏದುಸಿರು ಬರಲು ಇದೂ ಒಂದು ಕಾರಣ. ಶಸ್ತ್ರಚಿಕಿತ್ಸೆಯಲ್ಲಿ ಎದೆಮೂಳೆಯನ್ನು ಉದ್ದಕ್ಕೆ ಸೀಳಲಾಗುತ್ತದೆ, ರಕ್ತ ಯಂತ್ರದ ಮೂಲಕ ಹರಿಯುತ್ತದೆ, ಆ ಹೊತ್ತಿನಲ್ಲಿ ಶ್ವಾಸಕೋಶ ಕುಗ್ಗಿರುತ್ತದೆ. ಎಚ್ಚರವಾದ ಮೇಲೆ ಗಾಯದ ನೋವಿಗೆ ಹೆದರಿ ರೋಗಿ ಮೇಲುಸಿರನ್ನಷ್ಟೇ ಆಡುತ್ತಾನೆ, ಕೆಮ್ಮನ್ನು ತಡೆಯುತ್ತಾನೆ. ಶ್ವಾಸಕೋಶದ ಕೆಳಭಾಗದ ಗಾಳಿಗೂಡುಗಳು ಮುಚ್ಚಿಕೊಂಡು ಕಫ ನಿಲ್ಲುತ್ತದೆ, ಸೋಂಕು ಅಲ್ಲಿಂದ ಶುರು. ಹೊಸ ಹೃದಯವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ, ಬೇರೆಯವರಿಗೆ ವಾಸಿಯಾಗುವ ನ್ಯುಮೋನಿಯಾ ಇವರಿಗೆ ಪ್ರಾಣಾಂತಿಕವಾಗಬಹುದು.

ಕಲಿಸುವ ಕ್ರಮ ಸರಳ. ಒರಗಿ ಕುಳಿತು ಹೊಟ್ಟೆಯ ಮೇಲೆ ಕೈಯಿಟ್ಟು, ಕೈ ಮೇಲೇಳುವಂತೆ ಮೂಗಿನಿಂದ ನಿಧಾನ ಉಸಿರೆಳೆದು, ತುಟಿ ಕಿರಿದು ಮಾಡಿ ಇನ್ನೂ ನಿಧಾನ ಬಿಡುವುದು ಮೊದಲ ಪಾಠ. ಎರಡನೆಯದು ಕೋವಿಡ್ ಕಾಲದಲ್ಲಿ ಹಳ್ಳಿಮನೆಗಳಿಗೂ ಪರಿಚಯವಾದ ಮೂರು ಚೆಂಡಿನ ಸ್ಪೈರೋಮೀಟರ್. ಅದರ ಮೇಲೆ 600, 900, 1200 ಎಂದಿರುವುದು ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಗಾಳಿ ಒಳಹೋಯಿತೆಂಬ ಲೆಕ್ಕ. ಬಹಳ ಮಂದಿ ಅದನ್ನು ಊದುತ್ತಾರೆ, ಊದಬಾರದು, ಎಳೆಯಬೇಕು. ಮೂರೂ ಚೆಂಡು ಒಮ್ಮೆಗೇ ಹಾರಬೇಕೆಂಬ ಹಟವೂ ಬೇಡ. ಒಂದೇ ಚೆಂಡು ಹೆಚ್ಚು ಹೊತ್ತು ಮೇಲೆ ನಿಂತರೆ ಗಾಳಿ ಆಳಕ್ಕೆ ಇಳಿಯುತ್ತದೆ. ಮೂರನೆಯದು ಒಳಗೆಳೆಯುವ ಗಾಳಿಗೆ ತಡೆಯೊಡ್ಡುವ ಸಾಧನ. ರೋಗಿಯ ಗರಿಷ್ಠ ಎಳೆತದ ಶೇ. 30ರಷ್ಟು ತಡೆಯಿಂದ ಆರಂಭಿಸಿ ಫಿಸಿಯೋಥೆರಪಿಸ್ಟ್ ಮೆಲ್ಲಗೆ ಏರಿಸುತ್ತಾರೆ. ಜೊತೆಗೆ ದಿಂಬನ್ನು ಎದೆಗವಚಿಕೊಂಡು ಕೆಮ್ಮುವುದನ್ನೂ ಮೊದಲೇ ರೂಢಿಸಬೇಕು. ಗಾಯವಾದ ಮೇಲೆ ಕಲಿಯುವುದು ಕಷ್ಟ.

ಇದರ ಫಲಕ್ಕೆ ಗಟ್ಟಿ ಪುರಾವೆಯಿರುವುದು ಬೈಪಾಸ್ ರೋಗಿಗಳಲ್ಲಿ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶ್ವಾಸಕೋಶದ ತೊಂದರೆಯ ಅಪಾಯ ಹೆಚ್ಚಿದ್ದ 279 ಮಂದಿಯಲ್ಲಿ ಒಂದು ಗುಂಪು ಶಸ್ತ್ರಚಿಕಿತ್ಸೆಗೆ ಮುನ್ನ ಕನಿಷ್ಠ ಎರಡು ವಾರ, ದಿನಕ್ಕೆ 20 ನಿಮಿಷ ಈ ಎಳೆತದ ವ್ಯಾಯಾಮ ಮಾಡಿತು. ಅವರಲ್ಲಿ ಶೇ. 18 ಮಂದಿಗೆ ಶ್ವಾಸಕೋಶದ ತೊಡಕು ಬಂದರೆ, ಮಾಡದವರಲ್ಲಿ ಶೇ. 35 ಮಂದಿಗೆ ಬಂತು. ನ್ಯುಮೋನಿಯಾ ಶೇ. 6.5 ಮತ್ತು 16.1. ಕಸಿ ರೋಗಿಗೆ ಈ ಅಂಕಿಗಳನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ, ಆದರೆ ಸೀಳುವ ಮೂಳೆ ಅದೇ, ಕುಗ್ಗುವ ಶ್ವಾಸಕೋಶ ಅದೇ.

ಮೈಸೂರು ಸೀಮೆಯಲ್ಲಿ ಉಸಿರಿನ ವ್ಯಾಯಾಮವೆಂದರೆ ಥಟ್ಟನೆ ನೆನಪಾಗುವುದು ಪ್ರಾಣಾಯಾಮ. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ನಡೆದ ನಾಡಿದು. ಸೋತ ಹೃದಯದವರು ಇಲ್ಲಿ ಎಚ್ಚರವಾಗಿರಲೇಬೇಕು. ಉಸಿರನ್ನು ಬಿಗಿಹಿಡಿದಾಗ ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ. ಆದ್ದರಿಂದ ಉಸಿರು ಹಿಡಿಯುವ ದೀರ್ಘ ಕುಂಭಕ ಇಂಥವರಿಗೆ ಸಲ್ಲದು; ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಕೂಡ ಸಲ್ಲವು. ತಲೆಸುತ್ತು, ಎದೆನೋವು, ಎದೆಬಡಿತದ ಏರುಪೇರು ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಕಸಿಯ ನಂತರ ಇನ್ನೊಂದು ವ್ಯತ್ಯಾಸವಿದೆ. ಸಾಮಾನ್ಯವಾಗಿ ಉಸಿರು ಬಿಡುವಾಗ ವೇಗಸ್ ನರ ಹೃದಯವನ್ನು ನಿಧಾನಿಸುತ್ತದೆ. ಕಸಿಯಲ್ಲಿ ಆ ನರ ಕಡಿದುಹೋಗಿರುವುದರಿಂದ ಹೊಸ ಹೃದಯ ವಿಶ್ರಾಂತಿಯಲ್ಲೂ ನಿಮಿಷಕ್ಕೆ 90ರಿಂದ 110ರಷ್ಟು ಬಡಿಯುತ್ತದೆ, ದೀರ್ಘ ಉಸಿರಿಗೆ ಮೊದಲಿನಂತೆ ಓಗೊಡುವುದಿಲ್ಲ. ನಾಡಿ ಇಳಿಯಲಿಲ್ಲವೆಂದು ರೋಗಿ ಕಂಗಾಲಾಗಬೇಕಿಲ್ಲ. ಕೃತಕ ಉಸಿರಾಟದ ಕೊಳವೆ ತೆಗೆದ ಮೇಲೆ ಅದೇ ಸ್ಪೈರೋಮೀಟರ್ ಮತ್ತೆ ಕೈಗೆ ಬರುತ್ತದೆ; ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಉಸಿರು ಎಂಬುದು ರೂಢಿಯ ಸಲಹೆ.