ಟ್ಯಾಂಕಿನ ಪಾಚಿಗೆ ಬರೀ ಬ್ಲೀಚಿಂಗ್ ಸಾಲ್ದು

ಬಿಸಿಲು ಶುರುವಾದ್ರೆ ನಮ್ಮ ಚಿಕ್ಕಲಸಂದ್ರದಲ್ಲಿ ಮಹಡಿ ಟ್ಯಾಂಕಲ್ಲೆಲ್ಲ ಪಾಚಿ. ವಾರವಾರ ಬ್ಲೀಚಿಂಗ್ ಪೌಡರ್ ಸುರಿಯೋರಿದ್ದಾರೆ, ಒಡೆದ ಮುಚ್ಚಳ ಮಾತ್ರ ಯಾರ ಕಣ್ಣಿಗೂ ಬೀಳಲ್ಲ. ಬಿಸಿಲು ಒಳಗೆ ಬಿದ್ರೆ ಪಾಚಿ ಬೆಳೆಯತ್ತೆ, ಅದೇ ಬಿಸಿಲು ಕ್ಲೋರಿನ್ನನ್ನೂ ತಿಂದ್ಹಾಕತ್ತೆ ಕಣ್ರೀ.

2024ರ ಬೇಸಿಗೇಲಿ ಜಲಮಂಡಳಿಯವರು ಈಜುಕೊಳಕ್ಕೆ ಕುಡಿಯೋ ನೀರು ಬಳಸಬಾರ್ದು ಅಂದಿದ್ರಲ್ಲ, ಅವತ್ತಿಂದ ನೀರು ಚೆಲ್ಲೋಕೆ ನಂಗೆ ಮನಸ್ಸೇ ಬರಲ್ಲ. ಅದಕ್ಕೇ ಟ್ಯಾಂಕ್ ತಳ ಕಂಡ ದಿನ ಉಜ್ಜಿಸಿ. ಕೆಸರು ಉಳಿದ್ರೆ ಕ್ಲೋರಿನ್ನೆಲ್ಲ ಅದಕ್ಕೇ ಖರ್ಚಾಗೋಗತ್ತೆ. ಆಮೇಲೆ 1000 ಲೀಟರಿಗೆ 2.5 ಗ್ರಾಂ ಒಳ್ಳೆ ಪೌಡರ್ ಸಾಕು, ಸಣ್ಣ ಚಮಚ ತುಂಬ ಕೂಡ ಬೇಡ. ಬಕೆಟ್ಟಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಬರೀ ತಿಳಿ ಸುರೀರಿ. ಸಂಜೆ ಹೊತ್ತು ವಾಸಿ. ಒಂದು ಗಂಟೆ ಬಿಟ್ಟು ನಲ್ಲಿ ತಿರುಗಿಸಿ. ತೇವ ಹಿಡಿದ ಹಳೇ ಪೌಡರಲ್ಲಿ ಸತ್ವ ಇರಲ್ಲ.

ಕೈ ಮುಗಿದು ಹೇಳ್ತೀನಿ, ಬೇಗ ಬೆಳ್ಳಗಾಗ್ಲಿ ಅಂತ ಬ್ಲೀಚಿಂಗ್ ಜೊತೆ ಬಾತ್‌ರೂಮಿನ ಆಸಿಡ್ ಸೇರಿಸ್ಬೇಡಿ. ಕ್ಲೋರಿನ್ ಗ್ಯಾಸ್ ಏಳತ್ತೆ. ಸಂಪೊಳಗಿರೋರಿಗೆ ಉಸಿರು ಕಟ್ಟಿದ್ರೆ ಮೇಲೆ ಹತ್ತೋಕೂ ಆಗಲ್ಲ. ಕ್ಲೀನ್ ಮಾಡೋ ಹುಡುಗನ್ನ ಇಳಿಸಿ ಒಳಗೆ ಸೀರಿಯಲ್ ನೋಡ್ತಾ ಕೂರ್ಬೇಡಿ, ಮುಗಿಯೋವರ್ಗೂ ಬಾಯಿ ಹತ್ರಾನೇ ಒಬ್ರು ನಿಂತಿರಿ.