ಅಪ್ಪನ ಕಾರು, ಭಾಗ 4: ಹಿಂದಿನ "ಲೊಟಕ್"

ಹಂಪ್ ಇಳಿದಾಗ ನಿಮ್ಮನೆ ಕಾರಲ್ಲೂ ಹಿಂದಿಂದ "ಲೊಟಕ್" ಅನ್ನುತ್ತಾ? ಹಾಗಾದ್ರೆ ಓದಿ.

ನಮ್ಮ ಕಾರಿಗೆ 13 ವರ್ಷ. ಸದ್ದು ಶುರುವಾದಾಗ ಒಂದು ಗ್ಯಾರೇಜಲ್ಲಿ ಶಾಕ್ ಅಬ್ಸಾರ್ಬರ್ ಹೋಗಿದೆ ಅಂದ್ರು, ಎರಡೂ ಹಾಕಿಸಿದ್ವಿ. ಸದ್ದು ಹೋಗ್ಲಿಲ್ಲ, ನನ್ನ ಫೀಸಿಗೆ ಇಟ್ಟಿದ್ದ ದುಡ್ಡು ಹೋಯ್ತು. ಶಿರಾಡಿ ಘಾಟಿ ತಿರುವಲ್ಲಿ ಕಾರಿನ ಹಿಂಭಾಗ ಒಂದು ಕ್ಷಣ ತಡವಾಗಿ ತಿರುಗಿದ ಹಾಗಾಗೋದು. ಹಿಂದೆ ಕೂತಿದ್ದ ಅಮ್ಮ ಮಾತೇ ನಿಲ್ಲಿಸಿದ್ರು. "ಮಾರಿಬಿಡೋಣ" ಅಂದ್ರು ಅಪ್ಪ.

ಕೊನೆಗೆ ನಮ್ಮ ಬೀದಿಯ ಮೆಕ್ಯಾನಿಕ್ ಅಣ್ಣ ಕಾರೆತ್ತಿ, ಸ್ಟ್ಯಾಂಡ್ ಕೊಟ್ಟು (ಬರೀ ಜಾಕ್ ನಂಬಿ ಕೆಳಗೆ ನುಗ್ಬೇಡಿ!), ಹಿಂದಿನ ಆಕ್ಸಲ್ ಬಾಡಿ ಜೊತೆ ಸೇರೋ ಜಾಗಕ್ಕೆ ರಾಡ್ ಹಾಕಿ ಮೀಟಿದ್ರು. ಅಲ್ಲಿರೋ ರಬ್ಬರ್ ಬುಶ್ ಸೀಳಿ ಬಾಯಿ ತೆರೀತು. ಎಡಗಡೆದು ಪೂರ್ತಿ, ಬಲಗಡೆದು ಅರ್ಧ.

ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಹಳೇದು ತೆಗೆಯೋಕೇ ಅರ್ಧ ದಿನ, ಅಷ್ಟು ತುಕ್ಕು ಗುರು. ಹೊಸದು ಕೂರಿಸೋವಾಗ ದಿಕ್ಕು ನೋಡಬೇಕು, ರಬ್ಬರಲ್ಲಿರೋ ಸಂದು ಮೊದಲಿದ್ದ ಕಡೆಗೇ ಬರಬೇಕು. ಆಮೇಲೆ, ಎಷ್ಟೋ ಜನ ಬಿಡೋದು ಇದನ್ನೇ: ಕಾರು ಮೇಲೆ ನೇತಾಡ್ತಿರುವಾಗ ಬೋಲ್ಟ್ ಪೂರ್ತಿ ಬಿಗಿ ಮಾಡಬಾರದು. ಚಕ್ರದ ಮೇಲೆ ಭಾರ ಬಿದ್ಮೇಲೆ ಬಿಗಿ ಮಾಡಬೇಕು. ಇಲ್ಲಾಂದ್ರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.

ಇನ್‌ಕಮ್ ಟ್ಯಾಕ್ಸ್ ಲೆಕ್ಕದ ಹಾಗೆ ವರ್ಷಕ್ಕೆ 15% ಡಿಪ್ರಿಸಿಯೇಷನ್ ಕಳೆದ್ರೆ ನಮ್ಮ ಕಾರಲ್ಲಿ ಉಳಿದಿರೋದು ಸುಮಾರು 12% ಬೆಲೆ. ಅಪ್ಪ ಮಾರೋ ಮಾತು ಬಿಟ್ಟಿದ್ದಾರೆ. ಮೊನ್ನೆ ಸಕಲೇಶಪುರದಿಂದ ಗುಂಡ್ಯದವರೆಗೂ ಅಮ್ಮ ಹಿಂದಿನ ಸೀಟಲ್ಲಿ ನಿದ್ದೆ ಹೊಡೆದ್ರು.