ಹ್ಯಾಂಬರ್ಗಿನ ರಂಗದಲ್ಲಿ ಒಂದು ಕಂಠ

ಉತ್ತರ ಜರ್ಮನಿಯ ಹ್ಯಾಂಬರ್ಗ್ ಹಡಗುಗಳ ನಗರ, ವಣಿಕರ ನಗರ. ಆದರೆ ಅಲ್ಲಿಯ ಮುಖ್ಯ ರೈಲು ನಿಲ್ದಾಣದಿಂದ ಹೊರಬಿದ್ದ ಪ್ರವಾಸಿಗನನ್ನು ಇದಿರುಗೊಳ್ಳುವುದು ಬಿಳಿಯ ಅರಮನೆಯಂತಹ ಒಂದು ನಾಟಕಶಾಲೆ. 1900ರಲ್ಲಿ ಬಾಗಿಲು ತೆರೆದ ಈ 'ಡಾಯ್ಚಸ್ ಷೌಸ್ಪೀಲ್‌ಹೌಸ್' ವಿಯೆನ್ನಾದ ಫೆಲ್ನರ್ ಮತ್ತು ಹೆಲ್ಮರ್ ಎಂಬ ವಾಸ್ತುಶಿಲ್ಪಿಗಳ ರಚನೆ. 1943ರ ಬಾಂಬುಮಳೆಯಲ್ಲಿ ನಗರದ ಬಹುಭಾಗ ಬೂದಿಯಾದರೂ ಈ ಭವನ ಉಳಿದುಕೊಂಡಿತು. ವಿಲ್ ಕ್ವಾಡ್‌ಫ್ಲೀಗನ ಕಂಠಕ್ಕೆ ಕೀರ್ತಿಯ ಶಿಖರ ದೊರೆತದ್ದು ಇಲ್ಲಿಯೇ.

1914ರಲ್ಲಿ ಓಬರ್‌ಹೌಸನ್ ಎಂಬ ಕೈಗಾರಿಕಾ ಪಟ್ಟಣದಲ್ಲಿ ಹುಟ್ಟಿದ ಈತನು 1940ರಲ್ಲಿ ಬರ್ಲಿನ್ನಿನ ಷಿಲ್ಲರ್ ರಂಗಮಂದಿರವನ್ನು ಸೇರಿದನು. ಹೊರಗೆ ನಾಜಿಗಳ ಕ್ರೌರ್ಯ ತಾಂಡವವಾಡುತ್ತಿರಲು ಒಳಗೆ ಅಭಿಜಾತ ನಾಟಕಗಳ ಸವಿನುಡಿ ಮೊಳಗುತ್ತಿತ್ತು. 1943ರಲ್ಲಿ ಆ ರಂಗಮಂದಿರವೂ ಬಾಂಬಿಗೆ ತುತ್ತಾಯಿತು.

ಯುದ್ಧಾನಂತರ ಈತನು ಹ್ಯಾಂಬರ್ಗಿನ ನಟನಾದನು. 1952ರಿಂದ 1959ರವರೆಗೆ ಬೇಸಗೆಯ ಸಾಲ್ಸ್‌ಬರ್ಗ್ ಉತ್ಸವದಲ್ಲಿ 'ಯೇಡರ್‌ಮನ್' ನಾಟಕದ ನಾಯಕನಾಗಿ, ಮೃತ್ಯುವಿನ ಕರೆಗೆ ಬೆಚ್ಚುವ ಧನಿಕನನ್ನು ಚಿತ್ರಿಸಿದನು.

1957ರಲ್ಲಿ ಗುಸ್ತಾಫ್ ಗ್ರುಂಡ್‌ಗೆನ್ಸನು ಗಯಟೆಯ 'ಫೌಸ್ಟ್' ನಾಟಕವನ್ನು ಷೌಸ್ಪೀಲ್‌ಹೌಸಿನಲ್ಲಿ ಆಡಿಸಿದನು. ಪಿಶಾಚಿ ಮೆಫಿಸ್ಟೋ ತಾನೇ ಆಗಿ, ಫೌಸ್ಟನ ಪಾತ್ರವನ್ನು ಕ್ವಾಡ್‌ಫ್ಲೀಗನಿಗೆ ಕೊಟ್ಟನು. ನಾಟಕದ ಆರಂಭದಲ್ಲಿರುವ ರಂಗಪ್ರಸಂಗಕ್ಕೆ ಕಾಳಿದಾಸನ 'ಶಾಕುಂತಲ'ದ ಪ್ರಸ್ತಾವನೆಯೇ ಪ್ರೇರಣೆಯೆಂದು ವಿದ್ವಾಂಸರ ಮತ. ಗ್ರುಂಡ್‌ಗೆನ್ಸನು ಅದನ್ನೇ ತಳಹದಿಯಾಗಿ ಹಿಡಿದು ಇಡೀ ಕಥೆಯನ್ನು ಬರಿಯ ಹಲಗೆಯ ವೇದಿಕೆಯ ಮೇಲೆ ನಡೆಸಿದನು. ಪಂಡಿತ ಫೌಸ್ಟನ ಕೊಠಡಿಯಲ್ಲಿ ಪರಮಾಣುವಿನ ಮಾದರಿ. ಮಾಟಗಾತಿಯರ ಇರುಳಿನಲ್ಲಿ ಅಣುಬಾಂಬಿನ ಅಣಬೆಮೋಡ! ಜ್ಞಾನಕ್ಕಾಗಿ ಆತ್ಮವನ್ನು ಮಾರಿಕೊಂಡವನ ಕಥೆ ಹಿರೋಷಿಮಾ ಕಂಡ ಜನಕ್ಕೆ ಹಳೆಯದೆನಿಸಲಿಲ್ಲ. ಗ್ರುಂಡ್‌ಗೆನ್ಸನೂ ನಾಜಿಗಳ ಕಾಲದಲ್ಲಿ ಬರ್ಲಿನ್ನಿನ ರಾಜ್ಯರಂಗಭೂಮಿಯ ಮುಖ್ಯಸ್ಥನಾಗಿ ಮೆರೆದವನು. ಪಿಶಾಚಿಯೊಡನೆ ಕರಾರು ಮಾಡಿಕೊಳ್ಳುವ ಆ ದೃಶ್ಯದಲ್ಲಿ ಪ್ರೇಕ್ಷಕರು ತಮ್ಮ ದೇಶದ ನಿನ್ನೆಯನ್ನೂ ಕಂಡಿರಬೇಕು.

ಆ ಪ್ರಯೋಗ 1959ರಲ್ಲಿ ಮಾಸ್ಕೋಗೂ 1961ರಲ್ಲಿ ನ್ಯೂಯಾರ್ಕಿಗೂ ಹೋಯಿತು, 1960ರಲ್ಲಿ ಚಲನಚಿತ್ರವಾಯಿತು. ರಂಗದ ಆಚೆ ಕ್ವಾಡ್‌ಫ್ಲೀಗನ ಧ್ವನಿ ಗಯಟೆ, ಹೋಲ್ಡರ್ಲಿನ್, ರಿಲ್ಕೆಯರ ಕವಿತೆಗಳನ್ನು ಗ್ರಾಮಫೋನ್ ತಟ್ಟೆಗಳ ಮೂಲಕ ಮನೆಮನೆಗೆ ಒಯ್ದಿತು.

ಇಷ್ಟು ಇಂಪಾದ ಕಂಠಕ್ಕೂ ಒಂದು ಪ್ರಶ್ನೆ ತಪ್ಪಲಿಲ್ಲ: ಅನ್ಯಾಯದ ನಡುವೆ ಸುಂದರವಾಗಿ ನುಡಿಯುತ್ತಿದ್ದರೆ ಸಾಕೆ? 1976ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ನಟನು ನಾಜಿಗಳ ಕಾಲದ ತನ್ನ ನಡತೆಯನ್ನು ತಾನೇ ವಿಮರ್ಶೆಗೆ ಒಡ್ಡಿಕೊಂಡನು. ಚಪ್ಪಾಳೆಗಳಿಗೆ ಒಗ್ಗಿದವನಿಗೆ ಅದು ಸುಲಭದ ಮಾತಲ್ಲ. ಆಮೇಲೂ ಆತನು ರಂಗವನ್ನು ತೊರೆಯಲಿಲ್ಲ. 1980ರ ದಶಕದಲ್ಲಿ ಅದೇ ಹ್ಯಾಂಬರ್ಗಿನ ಥಾಲಿಯಾ ರಂಗಮಂದಿರದಲ್ಲಿ ವೃದ್ಧ ನಟನಾಗಿ ಮತ್ತೆ ಕಾಣಿಸಿಕೊಂಡನು. 2003ರಲ್ಲಿ, 89ನೆಯ ವಯಸ್ಸಿನಲ್ಲಿ, ಆ ಕಂಠ ಮೌನವಾಯಿತು.

ನಿಲ್ದಾಣದ ಎದುರಿನ ಬಿಳಿಯ ಭವನದಲ್ಲಿ ಈಗಲೂ ತೆರೆ ಏಳುತ್ತದೆ. ಅಲ್ಲಿ ಫೌಸ್ಟನಾಗಿ ನಿಲ್ಲುವ ಪ್ರತಿಯೊಬ್ಬ ನಟನೂ ಆ ಹಳೆಯ ಕಂಠದ ನೆನಪಿಗೆ ಮರುನುಡಿಯಬೇಕಾಗುತ್ತದೆ.